ಗುಡುಗಣ್ಣನ ಮೂರನೇ ಕೂಗು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಮೂರು ಬಾಗಿಲುಗಳಿವೆ. ಒಂದರ ಮೇಲೆ ಲಾಂಡ್ರಿ ಎಂದು ಬರೆದಿದೆ, ಇನ್ನೊಂದರ ಮೇಲೆ ಶವಾಗಾರ ಎಂದು. ನಡುವಿನದರ ಮೇಲೆ ಏನೂ ಬರೆದಿಲ್ಲ. ದಾರಿ ತಪ್ಪಿದವರು ಅದನ್ನು ತಟ್ಟಿದರೆ ಕನ್ನಡಕದ ತೆಳ್ಳನೆಯ ಹೆಂಗಸೊಬ್ಬಳು ತಲೆ ಹೊರಗೆ ಹಾಕುತ್ತಾಳೆ. ಮೊದಮೊದಲು "ಎಡಕ್ಕೆ ಬಟ್ಟೆ, ಬಲಕ್ಕೆ ಹೆಣ, ನಿಮಗೆ ಯಾವ್ದು?" ಎಂದು ತಮಾಷೆ ಮಾಡುತ್ತಿದ್ದಳು. ಒಮ್ಮೆ ಹಾಗೆ ಕೇಳಿಸಿಕೊಂಡವನು ಅಪ್ಪನ ದೇಹ ತೆಗೆದುಕೊಂಡು ಹೋಗಲು ಬಂದವನಾಗಿದ್ದ. ಅಂದಿನಿಂದ ಅವಳು ಮಾತಾಡುವುದಿಲ್ಲ, ಕೈ ತೋರಿಸಿ ಬಾಗಿಲು ಹಾಕಿಕೊಳ್ಳುತ್ತಾಳೆ.

ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಷ್ಟೇ ಉಳಿದು, ಮಿಕ್ಕ ಎಲ್ಲರ ಬಾಯಲ್ಲೂ ಅವಳು ಸರ್ವರಕ್ಕ. ಆಸ್ಪತ್ರೆಯ ಕಂಪ್ಯೂಟರುಗಳೆಲ್ಲ ಯಾವುದರ ಮೇಲೆ ನಿಂತಿವೆಯೋ ಆ ಸರ್ವರ್ ಮಷಿನ್‌ಗಳನ್ನು ನೋಡಿಕೊಳ್ಳುವುದು ಅವಳ ಕೆಲಸ. ರೋಗಿಯ ರಕ್ತದ ವರದಿ, ಎಲುಬಿನ ಚಿತ್ರ, ಔಷಧಿಯ ಚೀಟಿ, ಯಾವ ಹಾಸಿಗೆಯಲ್ಲಿ ಯಾರಿದ್ದಾರೆ ಎಂಬ ಸುದ್ದಿ, ಎಲ್ಲವೂ ಆ ಕಪಾಟುಗಳಲ್ಲೇ ಕೂತಿರುತ್ತವೆ. ಹೀಗಿದ್ದೂ ಮೇಲಿನ ಮಹಡಿಗಳಲ್ಲಿ ಅವಳ ಮುಖ ಬಲ್ಲವರು ಕಡಿಮೆ. ಅಡುಗೆ ಹದವಾಗಿದ್ದ ದಿನ ಅಡುಗೆಯವನು ಯಾರೆಂದು ಯಾರೂ ಕೇಳುವುದಿಲ್ಲ, ಉಪ್ಪು ಹೆಚ್ಚಾದ ದಿನ ಎಲ್ಲರಿಗೂ ಅವನೇ ಬೇಕು. ಸರ್ವರಕ್ಕನ ಅಡುಗೆಯಲ್ಲಿ ಉಪ್ಪು ಹೆಚ್ಚಾಗಿ ವರ್ಷಗಳೇ ಆಗಿದ್ದವು.

ಅದಕ್ಕೆ ಕಾರಣ ಅವಳ ಸೋಮಾರಿತನ. ಇದು ಅವಳದೇ ಮಾತು. ಮಾಡಿದ ಕೆಲಸವನ್ನೇ ಮತ್ತೆ ಮಾಡುವುದೆಂದರೆ ಅವಳಿಗೆ ಮೈಯೆಲ್ಲ ಉರಿ. ಹೊಸ ನರ್ಸಿಗೆ ಖಾತೆ ತೆರೆಯುವುದು, ಬಿಟ್ಟುಹೋದವರ ಖಾತೆ ಮುಚ್ಚುವುದು, ದಿನದಿನದ ಮಾಹಿತಿಯ ನಕಲು, ಅಂದರೆ ಬ್ಯಾಕಪ್, ತೆಗೆದು ಬೇರೆ ಕಟ್ಟಡದಲ್ಲಿಡುವುದು, ಇಂಥ ಯಾವ ಕೆಲಸವನ್ನಾದರೂ ಅವಳು ಒಂದೆರಡು ಸಲ ಕೈಯಾರೆ ಮಾಡಿ, ಆಮೇಲೆ ಅದಕ್ಕೊಂದು ಸ್ಕ್ರಿಪ್ಟ್ ಬರೆದುಬಿಡುತ್ತಿದ್ದಳು. ಸ್ಕ್ರಿಪ್ಟ್ ಎಂದರೆ ಮಷಿನ್‌ಗೆ ಕೊಡುವ ಅಪ್ಪಣೆಗಳ ಸರ: ಮೊದಲು ಇದು ಮಾಡು, ಇದು ಆದರೆ ಅದು ಮಾಡು, ಆಗದಿದ್ದರೆ ಹಿಂದೆ ಬಾ. ಒಮ್ಮೆ ಬರೆದಿಟ್ಟರೆ ಹೊತ್ತಿಗೆ ಸರಿಯಾಗಿ ತಾನೇ ಎದ್ದು ಮಾಡಿ ಮುಗಿಸಿ ಮಲಗುತ್ತದೆ. ನಡೆಯುತ್ತಿರುವ ಸರ್ವರ್‌ಗಳನ್ನು ನಿಲ್ಲಿಸದೆ, ಒಂದನ್ನು ಸಾಲಿನಿಂದ ಹೊರಗೆಳೆದು, ಹೊಸ ತಂತ್ರಾಂಶ ಹಾಕಿ, ಆರೋಗ್ಯ ನೋಡಿ, ಮತ್ತೆ ಸಾಲಿಗೆ ಸೇರಿಸಿ, ಮುಂದಿನದಕ್ಕೆ ಹೋಗುವ ಸ್ಕ್ರಿಪ್ಟೊಂದನ್ನು ಅವಳು ಬರೆದಿದ್ದಳು. ರೋಗಿಯನ್ನು ಎಬ್ಬಿಸದೆ ಅವನ ಕೆಳಗಿನ ಹಾಸಿಗೆಬಟ್ಟೆ ಬದಲಿಸುವ ನರ್ಸುಗಳಿದ್ದಾರಲ್ಲ, ಹಾಗೆ. ಬೇರೆ ಆಸ್ಪತ್ರೆಗಳವರು ಅದನ್ನು ಕೇಳಿ ಪಡೆದುಕೊಂಡು ಹೋಗಿದ್ದರು.

ಅವಳಿಗೆ ಕೆಲವು ಕಟ್ಟುನಿಟ್ಟುಗಳಿದ್ದವು. ಹೊಸ ಸ್ಕ್ರಿಪ್ಟ್ ಮೊದಲ ಸಲ ಓಡುವಾಗ ಬರೀ ಬಾಯಲ್ಲಿ ಹೇಳಬೇಕು, ಏನೂ ಮಾಡಬಾರದು: ಇದನ್ನು ಅಳಿಸುತ್ತಿದ್ದೆ, ಅದನ್ನು ಸಾಗಿಸುತ್ತಿದ್ದೆ ಎಂದು ಪರದೆಯ ಮೇಲೆ ಒಪ್ಪಿಸಬೇಕು. ಅದನ್ನು ಓದಿ ನೋಡಿ ಒಪ್ಪಿದ ಮೇಲೆ ನಿಜವಾದ ಕೈ. ಇನ್ನೊಂದು, ಕೆಲಸ ಸರಿಯಾಗಿ ಮುಗಿಸಿದ ಸ್ಕ್ರಿಪ್ಟ್ ಉಸಿರೆತ್ತಬಾರದು. ಕೆಟ್ಟಾಗ ಮಾತ್ರ ಕೂಗಬೇಕು. "ಮಾಡ್ದೆ ಮಾಡ್ದೆ ಅಂತ ದಿನಾ ಹೇಳ್ಕೊಳ್ಳೋರ ಮಾತನ್ನ ಯಾರು ಕೇಳ್ತಾರೆ? ಸದ್ದಿಲ್ಲ ಅಂದ್ರೆ ಎಲ್ಲಾ ಸರಿ ಇದೆ ಅಂತ ಅರ್ಥ" ಎನ್ನುತ್ತಿದ್ದಳು.

ಅವಳ ಸ್ಕ್ರಿಪ್ಟುಗಳಲ್ಲಿ ಅತಿ ಚಿಕ್ಕದು ಛತ್ರದ್ದು. ಎಲ್ಲ ವಿಭಾಗದವರೂ ಫೈಲ್ ಹಾಕಬಹುದಾದ ಫೋಲ್ಡರೊಂದು ಇತ್ತು. ಪರದೆಯ ಮೇಲೆ ಅದರ ಹೆಸರು 'ತಾತ್ಕಾಲಿಕ', ಅವಳ ಬಾಯಲ್ಲಿ ಅದು ಛತ್ರ. ಯಾರು ಬೇಕಾದರೂ ಬಂದು ಇಳಿದುಕೊಳ್ಳಬಹುದು, ಆದರೆ ತಿಂಗಳು ಕಳೆದ ಮೇಲೂ ಗಂಟುಮೂಟೆ ಬಿಟ್ಟಿದ್ದರೆ ಸ್ಕ್ರಿಪ್ಟ್ ಗುಡಿಸಿ ಹಾಕುತ್ತಿತ್ತು. ಒಳಗೆ 'ಮೊದಲು ಓದಿ' ಎಂಬ ಫೈಲಿನಲ್ಲಿ ಇದನ್ನು ಬರೆದೂ ಇಟ್ಟಿದ್ದಳು. ಮೊದಲು ಓದಿ ಎಂದು ಬರೆದದ್ದನ್ನು ಕೊನೆಗೂ ಯಾರೂ ಓದುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಛತ್ರಕ್ಕೆ ಬ್ಯಾಕಪ್ ಕೂಡ ಇರಲಿಲ್ಲ. ಛತ್ರದಲ್ಲಿ ಮಲಗಿದವರ ಹೆಸರನ್ನು ಮನೆಯ ಪಡಿತರ ಚೀಟಿಗೆ ಸೇರಿಸುತ್ತಾರೆಯೇ ಎಂದು ಅವಳ ವಾದ.

ಇಷ್ಟು ಮೆತ್ತಗಿನ ಹೆಂಗಸಿಗೆ ಒಬ್ಬ ಅಣ್ಣ ಇದ್ದ. ತರಕಾರಿಯ ಸಗಟು ಮಾರುಕಟ್ಟೆಯಲ್ಲಿ ಹರಾಜು ಕೂಗುವುದು ಅವನ ಕಸುಬು. ಮಾರುಕಟ್ಟೆಯವರು ಅವನನ್ನು ಗುಡುಗಣ್ಣ ಎನ್ನುತ್ತಿದ್ದರು. ಅವನು ಮೂಟೆಗಳ ಮೇಲೆ ಹತ್ತಿ ನಿಂತು "ಒಂದು ಸಾರೀ!" ಎಂದರೆ ಬೀದಿಯ ಆಚೆ ಬದಿಯ ಕ್ಷೌರಿಕ ಕತ್ತರಿ ಎತ್ತಿಕೊಳ್ಳುತ್ತಿದ್ದನಂತೆ, ಗಿರಾಕಿಯ ಕಿವಿ ಉಳಿಯಲಿ ಎಂದು. ಅಪ್ಪ ಬೇಗ ಹೋಗಿದ್ದ. ತಂಗಿಯನ್ನು ಓದಿಸಿದ್ದು ಆ ಗಂಟಲೇ. ಚಿಕ್ಕಂದಿನಲ್ಲಿ ಅವಳ ದನಿ ಪಕ್ಕದವರಿಗೂ ಕೇಳುತ್ತಿರಲಿಲ್ಲವಾದ್ದರಿಂದ ಅವನು ಅವಳಿಗೆ ಗುಬ್ಬಿ ಎಂದು ಹೆಸರಿಟ್ಟಿದ್ದ. ಮದುವೆಯ ಗೋಜಿಗೆ ಹೋಗದ ಗುಬ್ಬಿ ಅಣ್ಣನ ಮನೆಯ ಮೇಲಿನ ಕೋಣೆಯಲ್ಲಿ ಇದ್ದಳು. ಕೆಳಗಿನಿಂದ ಅವನು "ಗುಬ್ಬೀ, ಊಟ ಮಾಡಿದ್ಯಾ?" ಎಂದು ಕೂಗಿದರೆ ಎದುರು ಮನೆಯವರೂ ತಟ್ಟೆ ಹಾಕಿಕೊಳ್ಳುತ್ತಿದ್ದರು ಎಂದು ಅತ್ತಿಗೆ ನಗುತ್ತಿದ್ದಳು. ಆ ಅತ್ತಿಗೆಯನ್ನು ಅವನು ಯಾವತ್ತೂ ಹೆಸರು ಹಿಡಿದು ಕರೆದವನಲ್ಲ, "ಏನೇ" ಎನ್ನುತ್ತಿದ್ದ.

ಒಂದು ದಿನ ಅವನು ತಂಗಿ ಮರೆತುಹೋದ ಊಟದ ಡಬ್ಬಿ ಹಿಡಿದು ನೆಲಮಾಳಿಗೆಗೆ ಬಂದ. ಅವಳು ಆಗಷ್ಟೇ ಮಷಿನ್ ರೂಮಿನ ಶಾಖ ಏರಿದರೆ ಬಡಿದುಕೊಳ್ಳುವ ಅಲಾರಾಂ ಕೂರಿಸುತ್ತಿದ್ದಳು. ಅದು ಪೀಂ ಪೀಂ ಎಂದಿತು.

"ಇದೇನೇ ಗುಬ್ಬಿ, ನಿನ್ನ ದನೀನೇ ಹಾಕಿದ್ಯಾ? ಇದನ್ನ ಕೇಳಿ ಯಾವನು ಓಡಿ ಬರ್ತಾನೆ?"

"ನಿನ್ನ ಗಂಟಲು ಕೊಡು, ಅದನ್ನೇ ಹಾಕ್ತೀನಿ."

ಕೊಡು ಎಂದರೆ ಬಿಡುವ ಆಸಾಮಿಯೇ ಅವನು? ಫೋನಿನ ಮುಂದೆ ನಿಂತು ಎದೆ ತುಂಬ ಉಸಿರೆಳೆದುಕೊಂಡು ಶುರು ಮಾಡಿದ: "ರೂಮು ಬಿಸಿ ಆಗ್ತಿದೆ, ಒಂದು ಸಾರೀ! ರೂಮು ಬಿಸಿ ಆಗ್ತಿದೆ, ಎರಡು ಸಾರೀ! ಯಾರಿದ್ದೀರಪ್ಪಾ, ಬೇಗ ಬನ್ನೀ!" ಪಕ್ಕದ ಲಾಂಡ್ರಿಯ ಹೆಂಗಸರು ಒದ್ದೆ ಕೈಯಲ್ಲೇ ಓಡಿ ಬಂದರು. ಮೂರನೇ ಕೂಗನ್ನು ಅವಳು ಬೇರೆಯಾಗಿ ತೆಗೆದುಕೊಂಡಳು. ಹರಾಜಿನಲ್ಲಿ ಮೂರು ಸಾರಿ ಎಂದರೆ ಮುಗಿಯಿತು, ಮಾಲು ಕೈ ಬದಲಾಯಿತು. ಹಾಗೆಯೇ ಯಾರಾದರೂ ಬಂದು ಎಂಟರ್ ಕೀ ಒತ್ತುವವರೆಗೂ ಒಂದು, ಎರಡು ಎಂದೇ ಅಲಾರಾಂ ಕೂಗುತ್ತಿರಬೇಕು. ಒತ್ತಿದಾಗ ಮಾತ್ರ "ಮೂರು ಸಾರೀ! ಆಯ್ತು, ಬಿಟ್ಟೆ!" ಒತ್ತಿದ ಮೇಲೆ ಸ್ಕ್ರಿಪ್ಟ್ ಮುಂದಕ್ಕೆ ನಡೆದು, ಅಷ್ಟು ಮುಖ್ಯವಲ್ಲದ ಮಷಿನ್‌ಗಳನ್ನು ಒಂದೊಂದಾಗಿ ಆರಿಸಿ ಶಾಖ ತಗ್ಗಿಸುತ್ತದೆ. ಆಸ್ಪತ್ರೆಯ ಮಷಿನ್ ಮನುಷ್ಯರ ಒಪ್ಪಿಗೆ ಇಲ್ಲದೆ ಆರಬಾರದು ಎಂದು ಅವಳು ಹಾಗೆ ಮಾಡಿದ್ದಳು. ಒಂದೆರಡು ಬೇಸಿಗೆ ಆ ಕೂಗು ಕೇಳಿಸಿತು. ಆಮೇಲೆ ಶಾಖ ಏರುವ ಮೊದಲೇ ಸುಳಿವು ಹಿಡಿಯುವ ಸ್ಕ್ರಿಪ್ಟ್ ಬರೆದಳು. ಕೂಗಿಗೆ ಕೆಲಸ ಇಲ್ಲವಾಯಿತು, ಕೂಗಿದವನಿಗೂ ಅದು ಮರೆತುಹೋಯಿತು.

ಅಣ್ಣನ ಗಂಟಲು ಮೊದಲು ಒಡೆಯಿತು, ಆಮೇಲೆ ಗೊರಗೊರ ಎಂದಿತು. ಮಾರುಕಟ್ಟೆಯ ದೂಳು ಎಂದು ಅವನು ಬಿಸಿನೀರು ಕುಡಿದುಕೊಂಡೇ ತಿಂಗಳುಗಟ್ಟಲೆ ತಳ್ಳಿದ. ಕೊನೆಗೆ ತಂಗಿಯೇ ಎಳೆದುಕೊಂಡು ಬಂದು ತೋರಿಸಿದಳು. ಧ್ವನಿಪೆಟ್ಟಿಗೆಯಲ್ಲಿ ಗಡ್ಡೆ. ಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು.

"ಅಂದ್ರೆ ಕೂಗೋಕೆ ಆಗಲ್ಲ?" ಎಂದು ಅವನು ಕೇಳಿದ.

"ಮಾತಾಡೋಕೂ ಆಗಲ್ಲ" ಎಂದರು ಡಾಕ್ಟರು.

ಅಂಥ ಹೊತ್ತಿನಲ್ಲಿ ಒಂದು ಆಸೆ ತಂದವಳು ಆಸ್ಪತ್ರೆಯ ವಾಕ್ ಚಿಕಿತ್ಸಕಿ. ಮಾತು ಬಾರದವರಿಗೆ, ಮಾತು ಹೋದವರಿಗೆ ದಾರಿ ಹುಡುಕಿಕೊಡುವ ಅವಳನ್ನು ಎಲ್ಲರೂ ಮಾತಿನ ಮೇಡಂ ಎನ್ನುತ್ತಿದ್ದರು. ಆಪರೇಷನ್‌ಗೆ ಮೊದಲೇ ಅವನ ದನಿಯಲ್ಲಿ ನೂರಾರು ವಾಕ್ಯ ಓದಿಸಿಟ್ಟುಕೊಂಡರೆ, ಆಮೇಲೆ ಅದರಿಂದ ಕಂಪ್ಯೂಟರಿನಲ್ಲಿ ಅವನದೇ ದನಿ ಕಟ್ಟಬಹುದು. ಅವನು ಟ್ಯಾಬ್ಲೆಟ್ಟಿನಲ್ಲಿ ಬರೆದದ್ದನ್ನು ಅದು ಅವನ ಗಂಟಲಲ್ಲೇ ಹೇಳುತ್ತದೆ. ಕಟ್ಟಿಕೊಡುವವರು ಬೇರೆ ಊರಿನವರು, ಸರದಿಗೆ ಕಾಯಬೇಕು ಅಷ್ಟೆ.

ಗೊರಗುಟ್ಟುವ ಗಂಟಲಿನಲ್ಲೇ ಅವನು ಒಂದು ವಾರ ಮುಚ್ಚಿದ ಕೋಣೆಯಲ್ಲಿ ಕೂತು ಓದಿದ. ಬೆಳಗಿನ ಹೊತ್ತು ದನಿ ಸ್ವಲ್ಪ ತಿಳಿಯಾಗಿರುತ್ತಿತ್ತು, ಆಗಲೇ ಹೆಚ್ಚು ಓದಿಸುತ್ತಿದ್ದರು. ಮೇಡಂ ಕೊಟ್ಟ ಹಾಳೆಗಳನ್ನು ನೋಡಿ ಅವನಿಗೆ ನಗು.

"'ದಯವಿಟ್ಟು ಕಿಟಕಿಯನ್ನು ಮುಚ್ಚುವಿರಾ' ಅಂತೆ! ಮೇಡಂ, ನಾನು ಮನೇಲಿ ಹೀಗೆ ಕೇಳಿದ್ರೆ ನನ್ನ ಹೆಂಡ್ತಿ ಆಂಬುಲೆನ್ಸ್ ಕರೀತಾಳೆ."

"ಹಾಗಾದ್ರೆ ನಿಮ್ಮ ಥರಾನೇ ಕೆಲವು ಹೇಳಿ" ಎಂದಳು ಮೇಡಂ.

ಅವನು ಹೇಳಿದ. ಟೀ ಆಯ್ತಾ ಎಂದ, ನಿನ್ನ ತಲೆ ಎಂದ, ಗುಬ್ಬಿ ಊಟ ಮಾಡಿದ್ಯಾ ಎಂದ. ಅತ್ತಿಗೆ ಬಾಗಿಲಲ್ಲಿ ನಿಂತು ಸೆರಗಿನ ತುದಿ ತಿರುವುತ್ತ, "ನನ್ನ ಕರೆಯೋದನ್ನೂ ಒಂದು ಸೇರಿಸಿಬಿಡಿ" ಎಂದು ಕೇಳಿದಳು. ಅವನು ಮೈಕಿನ ಕಡೆ ತಿರುಗಿ, ಕೋಪದಲ್ಲೊಮ್ಮೆ, ಹಸಿದಾಗೊಮ್ಮೆ, ಪ್ರೀತಿಯಲ್ಲೊಮ್ಮೆ "ಏನೇ" ಎಂದ. ಮೂರನೆಯದನ್ನು ಹೇಳುವಾಗ ದನಿ ಕೈಕೊಟ್ಟಿತು. ಮತ್ತೆ ಹೇಳಿದ.

ಆಪರೇಷನ್ ಆಯಿತು, ಗಾಯಕ್ಕೆ ಸೋಂಕು ತಗುಲಿತು, ವಾರ್ಡಿನಲ್ಲೇ ತಿಂಗಳ ಮೇಲೆ ದಿನಗಳು ಉರುಳಿದವು. ಕುತ್ತಿಗೆಯ ಬುಡದ ರಂಧ್ರದಿಂದ ಉಸಿರಾಡುತ್ತ, ಬಿಳಿ ಹಲಗೆಯ ಮೇಲೆ ಬರೆದು ತೋರಿಸುತ್ತ ಅವನು ಕಾದ. ಬರವಣಿಗೆ ಅವನಿಗೆ ಒಗ್ಗಿದ ಕಸುಬಲ್ಲ, ಎರಡು ಪದಕ್ಕೆ ಬೆವರುತ್ತಿದ್ದ. ಹಾಗಿದ್ದೂ ದಿನಕ್ಕೊಮ್ಮೆ ತಂಗಿಗೆ ಅದೇ ಪ್ರಶ್ನೆ: 'ಯಾವಾಗ?'

"ಸರದಿ ಬಂದ ತಕ್ಷಣ ಅಣ್ಣಾ. ಆಮೇಲೆ ನಿನ್ನ ಬಾಯಿ ಮುಚ್ಸೋಕೆ ನಾವು ಬ್ಯಾಟರಿ ತೆಗೀಬೇಕಾಗುತ್ತೆ" ಎನ್ನುತ್ತಿದ್ದಳು.

ಸರದಿ ಬಂದ ದಿನ ಮಾತಿನ ಮೇಡಂ ನೆಲಮಾಳಿಗೆಗೆ ಇಳಿದು ಬಂದಳು. ಅವಳು ಆ ಬಾಗಿಲಿಗೆ ಎಂದೂ ಬಂದವಳಲ್ಲ.

"ಅಕ್ಕ, ಅಣ್ಣನ ರೆಕಾರ್ಡಿಂಗ್ ಫೋಲ್ಡರ್ ಕಾಣಿಸ್ತಿಲ್ಲ. ನೀವೇನಾದ್ರೂ ಬೇರೆ ಕಡೆ ಇಟ್ಟಿದ್ದೀರಾ?"

"ಎಲ್ಲಿ ಹಾಕಿದ್ರಿ?"

"ತಾತ್ಕಾಲಿಕದಲ್ಲಿ."

ಸರ್ವರಕ್ಕನ ಕೈ ಕೀಬೋರ್ಡಿನ ಮೇಲೆ ಅಲ್ಲಿಗೇ ನಿಂತಿತು. "ಅಲ್ಲಿ ಯಾಕೆ ಹಾಕಿದ್ರಿ?" ಎಂದು ಕೇಳಿದಳು.

"ನಮ್ಮ ವಿಭಾಗದ ಜಾಗ ತುಂಬಿತ್ತು ಅಕ್ಕ. ಹೆಚ್ಚು ಜಾಗ ಕೊಡಿ ಅಂತ ನಿಮಗೇ ಕೋರಿಕೆ ಕಳಿಸಿದ್ದೆ. ತಾತ್ಕಾಲಿಕ ಫೋಲ್ಡರ್ ಬಳಸಿ ಅಂತ ನಿಮ್ಮಿಂದಾನೇ ಉತ್ತರ ಬಂತಲ್ಲ? ರೆಕಾರ್ಡರಲ್ಲಿ ಇದ್ದಿದ್ದನ್ನ, ಇಲ್ಲಿ ಸರಿಯಾಗಿ ಬಂದಿದೆ ಅಂತ ನೋಡ್ಕೊಂಡೇ ಅಳಿಸಿದೆ. ಮುಂದಿನ ಪೇಷಂಟಿಗೆ ಬೇಕಿತ್ತು."

ಉತ್ತರ ಹೋಗಿದ್ದು ನಿಜ. ಅದನ್ನು ಕಳಿಸಿದ್ದು ಸರ್ವರಕ್ಕ ಅಲ್ಲ, ಅವಳ ಸ್ಕ್ರಿಪ್ಟ್. ಜಾಗ ಕೇಳಿ ಬರುವ ಕೋರಿಕೆಗಳಿಗೆ ಉತ್ತರಿಸಿ ಬೇಸತ್ತು ಅವಳೇ ಬರೆದದ್ದು: ಹಳೆಯ ಫೈಲುಗಳನ್ನು ಅಳಿಸಿ ಜಾಗ ಮಾಡಿಕೊಳ್ಳಿ, ತುರ್ತಿದ್ದರೆ ತಾತ್ಕಾಲಿಕ ಫೋಲ್ಡರ್ ಬಳಸಿ, ವಂದನೆಗಳು. ಕೋರಿಕೆಯಲ್ಲಿ ರೋಗಿಯ ಹೆಸರೂ ಇತ್ತು, ಅದನ್ನು ಓದಲು ಅಲ್ಲಿ ಕಣ್ಣೇ ಇರಲಿಲ್ಲ. ಒಂದು ಸ್ಕ್ರಿಪ್ಟ್ ಅಣ್ಣನ ದನಿಯನ್ನು ಛತ್ರಕ್ಕೆ ಕಳಿಸಿತು, ಇನ್ನೊಂದು ಅದನ್ನು ಬ್ಯಾಕಪ್ಪಿನಿಂದ ಹೊರಗಿಟ್ಟಿತು, ಮತ್ತೊಂದು ತಿಂಗಳಾದ ಮೇಲೆ ಗುಡಿಸಿತು. ಎಲ್ಲವೂ ಸರಿಯಾಗಿ ನಡೆದಿದ್ದರಿಂದ ಯಾವುದೂ ಉಸಿರೆತ್ತಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ಮಷಿನ್ ಆರಿಸಲು ಮನುಷ್ಯರ ಒಪ್ಪಿಗೆ ಬೇಕೆಂದು ನಿಯಮ ಮಾಡಿದವಳಿಗೆ, ಅಳಿಸಲೂ ಒಬ್ಬರನ್ನು ಕೇಳಬೇಕು ಎಂದು ಹೊಳೆದಿರಲಿಲ್ಲ.

ಅಳಿಸಿದ್ದು ತಕ್ಷಣ ಅಳಿದುಹೋಗುವುದಿಲ್ಲ, ಮೇಲೆ ಬೇರೆ ಬರೆಯುವವರೆಗೂ ಡಿಸ್ಕಿನಲ್ಲಿ ಎಲ್ಲೋ ಬಿದ್ದಿರುತ್ತದೆ. ಅವಳು ಊಟ ಬಿಟ್ಟು ಅದನ್ನು ಕೆದಕಿದಳು. ಆದರೆ ಛತ್ರ ಬಿಡುವಿಲ್ಲದ ಜಾಗ. ಅಣ್ಣ ಇದ್ದ ಮೂಲೆಯಲ್ಲೆಲ್ಲ ಯಾರಯಾರದೋ ಎದೆಗೂಡಿನ ಚಿತ್ರ, ಮಂಡಿಚಿಪ್ಪಿನ ಚಿತ್ರ ಬಂದು ಕೂತಿದ್ದವು. ಕಡೆಗೆ ಸಿಕ್ಕಿದ್ದು ಒಂದು ಚೂರು. ಅದರಲ್ಲಿ ಅವನು ಓದಲು ಶುರು ಮಾಡುವ ಮುನ್ನ ಗಂಟಲು ಸರಿಮಾಡಿಕೊಂಡಿದ್ದ. ಮಾತು ಶುರುವಾಗುವಲ್ಲಿಗೆ ಚೂರು ಮುಗಿಯುತ್ತಿತ್ತು.

ಮನೆಯ ಫೋನುಗಳಲ್ಲಿದ್ದ ವಿಡಿಯೊಗಳನ್ನು ಮಾತಿನ ಮೇಡಂಗೆ ತೋರಿಸಿದ್ದಾಯಿತು. ಒಂದರಲ್ಲೂ ಅವನು ಒಬ್ಬನೇ ಮಾತಾಡಿರಲಿಲ್ಲ, ಹಿಂದೆ ಲಾರಿ, ಮುಂದೆ ನಗು. ಹಳೆಯ ಅಲಾರಾಮಿನ ಕೂಗನ್ನೂ ಕೇಳಿಸಿದಳು. ಆಗದು ಎಂದು ಮೇಡಂ ತಲೆಯಾಡಿಸಿದಳು. ನಾಲ್ಕು ಕೂಗಿನಿಂದ ಮಾತು ಕಟ್ಟಲಾಗದು. ಮೇಡಂ ಅಳುತ್ತಿದ್ದಳು, ತಪ್ಪು ನನ್ನದು ಎನ್ನುತ್ತಿದ್ದಳು. ಸರ್ವರಕ್ಕ ಸುಮ್ಮನಿದ್ದರೆ ಆ ತಪ್ಪು ಮೇಡಂ ತಲೆಗೇ ಸುತ್ತಿಕೊಳ್ಳುತ್ತಿತ್ತು, 'ಮೊದಲು ಓದಿ' ಎಂದು ಬರೆದಿಟ್ಟಿರಲಿಲ್ಲವೇ? ಸರ್ವರಕ್ಕನಿಗೆ ಆ ಆಸೆ ಒಂದು ಗಳಿಗೆ ಬಂದದ್ದು ಸುಳ್ಳಲ್ಲ. ಆದರೆ ಅವಳು ಎದ್ದು ವಾರ್ಡಿಗೆ ಹೋದಳು.

"ಅಣ್ಣಾ, ನಿನ್ನ ದನಿ ಹೋಯ್ತು. ನಾನು ಅಳಿಸಿಬಿಟ್ಟೆ."

ಅವನಿಗೆ ಅರ್ಥವಾಗಲಿಲ್ಲ. ಅವಳು ಇನ್ನೊಮ್ಮೆ ಹೇಳಿದಳು, ಸ್ಕ್ರಿಪ್ಟು, ಛತ್ರ, ತಿಂಗಳು ಎಲ್ಲ ಹೇಳಿದಳು. ಅವನು ಹಲಗೆ ತೆಗೆದುಕೊಂಡು 'ಎಲ್ಲಾ?' ಎಂದು ಬರೆದ.

"ಎಲ್ಲಾ."

ಪಕ್ಕದಲ್ಲಿದ್ದ ಅತ್ತಿಗೆ, "'ಏನೇ' ಅನ್ನೋದು ಒಂದಾದ್ರೂ ಸಿಗಲ್ವಾ? ಅದೊಂದೇ ಸಾಕು ನನಗೆ" ಎಂದಳು. ಅಣ್ಣ ಅಂಗೈಯಿಂದ ಹಲಗೆ ಒರೆಸಿ ಗೋಡೆಯ ಕಡೆ ತಿರುಗಿ ಮಲಗಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡಿದ ಮಾತು ಹೀಗೆ ಹೋಗಬಹುದೆಂದು ಗಾದೆ ಕಟ್ಟಿದವರಿಗೂ ತಿಳಿದಿರಲಿಕ್ಕಿಲ್ಲ.

ಮನೆಗೆ ಬಂದ ಮೇಲೆ ಅವನು ತಂಗಿಗಾಗಿ ಹಲಗೆ ಎತ್ತಲಿಲ್ಲ. ಹೆಂಡತಿಗೆ ಬರೆಯುತ್ತಿದ್ದ, ಮಾರುಕಟ್ಟೆಯಿಂದ ನೋಡಲು ಬಂದವರಿಗೆ ಬರೆಯುತ್ತಿದ್ದ, ಅವಳು ಮೆಟ್ಟಿಲಿಳಿದು ಬಂದರೆ ಹಲಗೆ ಮಡಿಲಿಗೆ ಬೀಳುತ್ತಿತ್ತು. ಟ್ಯಾಬ್ಲೆಟ್ಟಿಗೆ ಅದರ ಜೊತೆಗೇ ಬರುವ ದನಿ ಹಾಕಿಕೊಟ್ಟರು. ಅದು ಯಾರದೋ ನಯವಾದ, ವಾರ್ತೆ ಓದುವವನಂಥ ದನಿ. ಟೀ ಆಯ್ತಾ ಎಂದು ಅದು ಕೇಳಿದರೆ ಮನೆಗೆ ಅಧಿಕಾರಿ ಬಂದಂತಾಗಿ ಅತ್ತಿಗೆ ಎದ್ದು ನಿಲ್ಲುತ್ತಿದ್ದಳು. ಒಮ್ಮೆ ಅವನು ಅದರಲ್ಲಿ 'ಏನೇ' ಎಂದು ಬರೆದು ಒತ್ತಿದ. ಅತ್ತಿಗೆ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಅವನು ಮತ್ತೆ ಹಾಗೆ ಮಾಡಲಿಲ್ಲ. ಮಾರುಕಟ್ಟೆಯಲ್ಲಿ ಅವನನ್ನು ತಕ್ಕಡಿಯ ಹತ್ತಿರ ಕೂರಿಸಿದರು, ಮೂಟೆಗಳ ಮೇಲೆ ಬೇರೊಬ್ಬ ಹತ್ತಿ ನಿಂತ.

ಸರ್ವರಕ್ಕ ಛತ್ರದ ಸ್ಕ್ರಿಪ್ಟನ್ನು ಕಿತ್ತುಹಾಕಿದಳು. ಮಿಕ್ಕದ್ದೆಲ್ಲ ಮೊದಲಿನಂತೆ ತಾನಾಗಿಯೇ ಓಡುತ್ತಿತ್ತು, ಛತ್ರ ಮಾತ್ರ ಅವಳ ಕೈಗೆ ಬಂತು. ಫೈಲೊಂದು ಹಳೆಯದಾದರೆ ಹಾಕಿದವರಿಗೆ ತಾನೇ ಫೋನ್ ಮಾಡುತ್ತಿದ್ದಳು: "ಇದು ನಿಮ್ದಾ? ಬೇಕಾ? ನೋಡಿ ಹೇಳಿ, ನಾನು ಕಾಯ್ತೀನಿ." ಎಲುಬಿನ ಡಾಕ್ಟರು ಸಿಡುಕಿದರು. ಇಷ್ಟು ಸಣ್ಣ ಕೆಲಸಕ್ಕೆ ಸ್ಕ್ರಿಪ್ಟ್ ಬರೆಯೋಕೆ ಬರಲ್ವೇನಮ್ಮಾ ಎಂದು ಆಡಳಿತಾಧಿಕಾರಿ ಕೇಳಿದರು. ಬರಲ್ಲ ಸಾರ್ ಎಂದಳು. ದಿನದ ಅರ್ಧ ಅದರಲ್ಲೇ ಕಳೆಯುತ್ತಿತ್ತು. ಸೋಮಾರಿತನ ಎಲ್ಲಿಗೆ ಹೋಯಿತೋ, ಅವಳಿಗೂ ತಿಳಿಯದು.

ಬಿರುಬಿಸಿಲಿನ ಒಂದು ಮಧ್ಯಾಹ್ನ ಅಣ್ಣ ತಪಾಸಣೆಗೆ ಆಸ್ಪತ್ರೆಗೆ ಬಂದಿದ್ದ. ಟ್ಯಾಬ್ಲೆಟ್ ಕೆಟ್ಟು ಕೂತಿತ್ತು. "ನಾನು ಔಷಧಿ ಸಾಲಲ್ಲಿ ನಿಂತಿರ್ತೀನಿ, ನೀವು ಕೆಳಗೆ ಹೋಗಿ ಅವಳ ಹತ್ರ ಸರಿಮಾಡಿಸ್ಕೊಂಡು ಬನ್ನಿ. ಅವಳೂ ಮನುಷ್ಯಳಲ್ವಾ, ಎಷ್ಟು ದಿನ ಹೀಗೆ?" ಎಂದು ಅತ್ತಿಗೆ ಬಲವಂತಕ್ಕೆ ಕಳಿಸಿದ್ದಳು. ಅವನು ನೆಲಮಾಳಿಗೆಯ ಕೋಣೆಗೆ ಬಂದು, ಟ್ಯಾಬ್ಲೆಟ್ ಮೇಜಿನ ಮೇಲಿಟ್ಟು, ಹಲಗೆಯನ್ನು ಕಂಕುಳಲ್ಲಿ ಹಿಡಿದು ನಿಂತ. ಅವಳು ಕುರ್ಚಿ ಸರಿಸಿದಳು. ಅವನು ಕೂರಲಿಲ್ಲ.

ಅವಳು ಟ್ಯಾಬ್ಲೆಟ್ ಕೈಗೆತ್ತಿಕೊಂಡಿದ್ದಳಷ್ಟೆ, ಗಾಜಿನ ಗೋಡೆಯಾಚೆ ಮಷಿನ್ ರೂಮಿನ ಎರಡು ಎಸಿಗಳೂ ಕರೆಂಟಿನ ಏರಿಳಿತಕ್ಕೆ ಒಟ್ಟಿಗೆ ನಿಂತವು. ಮೊದಲೇ ಸುಳಿವು ಹಿಡಿಯುವ ಸ್ಕ್ರಿಪ್ಟಿಗೆ ಹಿಡಿಯಲು ಸಮಯವೇ ಸಿಗಲಿಲ್ಲ. ಬಾಗಿಲ ಮೇಲಿನ ಸ್ಪೀಕರ್ ಒಮ್ಮೆ ಕರಕರ ಎಂದಿತು.

"ರೂಮು ಬಿಸಿ ಆಗ್ತಿದೆ, ಒಂದು ಸಾರೀ!"

ಅಣ್ಣ ತಲೆ ಎತ್ತಿದ.

"ರೂಮು ಬಿಸಿ ಆಗ್ತಿದೆ, ಎರಡು ಸಾರೀ! ಯಾರಿದ್ದೀರಪ್ಪಾ, ಬೇಗ ಬನ್ನೀ!"

ಒಡೆಯದ, ಗೊರಗುಟ್ಟದ, ಮೂಟೆಗಳ ಮೇಲಿನಿಂದ ಬೀದಿ ದಾಟುತ್ತಿದ್ದ ಅದೇ ಗಂಟಲು. ಅಣ್ಣನ ಬಾಯಿ ತಾನಾಗಿಯೇ ತೆರೆಯಿತು. ಕುತ್ತಿಗೆಯ ರಂಧ್ರದಲ್ಲಿ ಗಾಳಿ ಸುಯ್ಯೆಂದಿತು. ಮೊದಲ ಸುತ್ತು ಮುಗಿದು ಎರಡನೆಯದು ಶುರುವಾದಾಗ ಅವನ ತುಟಿಗಳೂ ಅದರ ಜೊತೆ ಆಡತೊಡಗಿದವು, ಒಂದು ಸಾರಿ, ಎರಡು ಸಾರಿ ಎಂದು. ದನಿ ಮೇಲಿನಿಂದ ಬರುತ್ತಿತ್ತು, ತುಟಿ ಇಲ್ಲಿ ಅಲ್ಲಾಡುತ್ತಿತ್ತು.

ಸರ್ವರಕ್ಕನ ಬೆರಳು ಎಂಟರ್ ಕೀ ಮೇಲಿತ್ತು. ಪರದೆಯಲ್ಲಿ ಶಾಖದ ಅಂಕಿ ಏರುತ್ತಿತ್ತು. ಒತ್ತಿದರೆ ಸ್ಕ್ರಿಪ್ಟ್ ಮುಂದಕ್ಕೆ ಹೋಗುತ್ತದೆ, ಮಷಿನ್‌ಗಳು ಉಳಿಯುತ್ತವೆ. ಒತ್ತದಿದ್ದರೆ ಇನ್ನು ಸ್ವಲ್ಪ ಹೊತ್ತಿನಲ್ಲಿ ಅವು ಕಾದು ತಮ್ಮಷ್ಟಕ್ಕೆ ತಾವೇ ಕುಸಿಯುತ್ತವೆ, ಮೇಲೆ ಎಷ್ಟೋ ಹಾಸಿಗೆಗಳ ಪಕ್ಕದ ಪರದೆಗಳು ಕುರುಡಾಗುತ್ತವೆ. ಇದನ್ನೆಲ್ಲ ಅವಳಷ್ಟು ಬಲ್ಲವರು ಆ ಕಟ್ಟಡದಲ್ಲಿ ಇನ್ನೊಬ್ಬರಿರಲಿಲ್ಲ. ಆದರೂ ಬೆರಳು ಕೆಳಗಿಳಿಯಲಿಲ್ಲ. ಒಂದು ಕಾಲದಲ್ಲಿ ಯಾರನ್ನೂ ಕೇಳದೆ ಅಳಿಸಿದ ಕೈ ಅದು.

"ಇನ್ನೊಂದು ಸಲ ಕೇಳ್ಕೋ ಅಣ್ಣಾ" ಎಂದಳು. "ಇನ್ನೊಂದೇ ಸಲ."

ಮೂರನೆಯ ಸುತ್ತೂ ಕಳೆಯಿತು. ಅಣ್ಣ ಪರದೆಯನ್ನು ನೋಡಿದ. ಅಂಕಿಯ ಅರ್ಥ ಅವನಿಗೆ ಗೊತ್ತಿರಲಿಲ್ಲ, ಆದರೆ ಅದು ಕೆಂಪಾಗಿತ್ತು. ಬೇಗ ಬನ್ನಿ ಎನ್ನುತ್ತಿದ್ದವನು ತಾನೇ, ಬರಬೇಕಾದವನೂ ತಾನೇ. ಅವನು ತಂಗಿಯ ಕಡೆ ತಿರುಗಿದ. ಎಷ್ಟೋ ತಿಂಗಳ ಮೇಲೆ ಅವಳ ಮುಖವನ್ನು ನೇರವಾಗಿ ನೋಡಿ, ಅವಳ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ತಾನೇ ಕೀ ಒತ್ತಿದ.

"ಮೂರು ಸಾರೀ! ಆಯ್ತು, ಬಿಟ್ಟೆ!"

ಸ್ಪೀಕರ್ ಸುಮ್ಮನಾಯಿತು. ಗಾಜಿನಾಚೆ ಮಷಿನ್‌ಗಳ ಹಸಿರು ದೀಪಗಳು ಒಂದೊಂದಾಗಿ ಆರುತ್ತ ಬಂದವು. ಅಣ್ಣ ಹಲಗೆ ತೆಗೆದು, ನಿಧಾನಕ್ಕೆ, ಬೆವರುತ್ತ ಬರೆದು ಅವಳ ಮುಂದೆ ಹಿಡಿದ.

'ಇದರಲ್ಲಿ "ಏನೇ" ಇಲ್ಲ. ನಿನ್ನ ಅತ್ತಿಗೆಗೆ ಕೇಳಿಸಬೇಡ.'

"ಇಲ್ಲ" ಎಂದಳು ಗುಬ್ಬಿ.

ಅವನು ಅದನ್ನು ಒರೆಸಿ ಹಲಗೆಯನ್ನು ಕಂಕುಳಿಗೆ ಸೇರಿಸಿದ. ಅವಳು ಮಷಿನ್ ರೂಮಿನ ಬಾಗಿಲು ತೆಗೆದು, ಗಾಳಿ ಆಡಲೆಂದು ಕುರ್ಚಿ ಅಡ್ಡ ಇಟ್ಟು, ಎಸಿ ರಿಪೇರಿಯವನಿಗೆ ಫೋನ್ ಹಚ್ಚಿದಳು. ಆ ಕಡೆಯವನು ಹಲೋ ಹಲೋ ಎನ್ನುತ್ತಲೇ ಇದ್ದ.